ಸೋನಾ ಮಸೂರಿಯೂ ಫಾರಿನ್ ಪಾಲಿಸಿನೇ!

ಇಂಜಿನಿಯರಿಂಗ್ ಮುಗಿಸಿ ಫಾರಿನ್‌ಗೆ ಹೋಗೋದು ಅಂದ್ರೆ ಎಂಎಸ್ ಮಾತ್ರ ಅಂತ ಕನಕಗಿರಿ, ಗಂಗಾವತಿ ಕಡೆಯ ನಾವೂ ಅಂದ್ಕೊಂಡಿದ್ದೀವಿ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ರಿಸರ್ಚ್ ಮಾಸ್ಟರ್ಸ್ ಅಂದ್ರೆ, ‘ಅದು ದಿಲ್ಲಿಯವ್ರಿಗೆ ಬಿಡ್ರೋ’ ಅಂತೀವಿ.

ಆದರೆ 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು; 2024ರ ಸೆಪ್ಟೆಂಬರಿನಲ್ಲಿ ತೆರವು ಮಾಡಿತು. ತುಂಗಭದ್ರೆಯ ನೀರಲ್ಲಿ ಭತ್ತ ಬೆಳೆಯೋ ಸೀಮೆಗೆ ಇದಕ್ಕಿಂತ ಹತ್ತಿರದ ವಿದೇಶಿ ವಿಷಯ ಯಾವುದಿದೆ? ನಮ್ಮ ಅಕ್ಕಿ ನಂಬಿದ ದೇಶಗಳು ಆಗ ಏನು ಮಾಡಿದವು? ರೈತರಿಗೆ ಯಾವ ರೇಟು ಸಿಕ್ಕಿತು?

ಆಕ್ಸ್‌ಫರ್ಡ್‌ನ ಎಂಫಿಲ್ ಎರಡು ವರ್ಷದ್ದು, 30,000 ಪದಗಳವರೆಗಿನ ಪ್ರಬಂಧ ಬರೀಬೇಕು. ಅಷ್ಟು ಬರೆಯೋಕೆ ಮೊದಲು ಬೇಕಿರೋದು ಬಿಡದೆ ಕಾಡೋ ಒಂದು ಪ್ರಶ್ನೆ. ಫೀಸು, ಸ್ಕಾಲರ್‌ಶಿಪ್ ಆಮೇಲೆ ಹುಡುಕೋಣ. ಪ್ರಶ್ನೆಯಂತೂ ನಮ್ಮೂರ ರೈಸ್ ಮಿಲ್ಲಿನಲ್ಲೇ ಇದೆ.