ಎಮ್ಮೆಗೆ ಟ್ರೆವಿಸ್, ಮೇಕೆಗೆ ಮೊಬೈಲ್ ಟಾರ್ಚು

ನಮ್ಮ ಪಶು ಆಸ್ಪತ್ರೆಗಳನ್ನು ಹಸು-ಎಮ್ಮೆಯ ಅಳತೆಗೆ ಕಟ್ಟಿದ್ದಾರೆ. ಅಂಗಳದಲ್ಲಿ ದನವನ್ನು ಅಲುಗದಂತೆ ನಿಲ್ಲಿಸುವ ಟ್ರೆವಿಸ್, ಒಳಗೆ ಭುಜ ಮುಚ್ಚುವ ಕೈಗವಸು. ಹಸುವಿನ ಗರ್ಭಕೋಶವನ್ನು ಕೈ ಹಾಕಿ ತಡವಿಯೇ ತಿಳಿಯುತ್ತೇವೆ. ಮೇಕೆಯಲ್ಲಿ ಕೈ ಹೋಗುವುದಿಲ್ಲ, ಬೆಳಕೇ ಹೋಗಬೇಕು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳು 1 ಕೋಟಿ ದಾಟಿವೆ, ಮೇಕೆಗಳು 60 ಲಕ್ಷ ದಾಟಿವೆ. ದನ-ಎಮ್ಮೆ ಕೂಡಿಸಿದರೂ ಅಷ್ಟಾಗುವುದಿಲ್ಲ. ಆದರೂ ಚಿತ್ರದುರ್ಗದ ಕಡೆ ಪಶುವೈದ್ಯೆಯಾಗಿರುವ ನಾನು ಮೇಕೆಯನ್ನೋ ನಾಯಿಯನ್ನೋ ನೋಡುವುದು ಸ್ವಂತ ಮೊಬೈಲಿನ ಟಾರ್ಚಿನಲ್ಲಿ.

ಅದಕ್ಕೇನು ಕಡಿಮೆ ಅನ್ನುವವರಿದ್ದಾರೆ. ಕಣ್ಣು ಒಂದು ಕಡೆ, ದೀಪ ಇನ್ನೊಂದು ಕಡೆ ಇದ್ದರೆ ಕಿರಿದಾದ ನಾಳದಲ್ಲಿ ಕಾಣುವುದು ನೆರಳೇ. ಕಿವಿಯೊಳಗೆ ನೋಡುವ ಓಟೋಸ್ಕೋಪು ನೋಟದ ಜೊತೆಗೇ ಬೆಳಕನ್ನೂ ಒಳಗೆ ಕಳಿಸುತ್ತದೆ. ನಾಯಿಯ ಕಿವಿನಾಳ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿಯನ್ನು ಮೇಲೆತ್ತಿ ಹೊರಕ್ಕೆಳೆದರೆ ನೇರವಾಗುತ್ತದೆ, ಆಗ ತುದಿಯನ್ನು ಮೆಲ್ಲಗೆ ಇಳಿಸಬೇಕು. ನೋವಿಲ್ಲದ ಕಿವಿ ಮೊದಲು. ಇಲ್ಲದಿದ್ದರೆ ಎರಡನೆಯದನ್ನು ಮುಟ್ಟಲೂ ಬಿಡದು! ಒಳಗೆ ಹುಲ್ಲಿನ ಮುಳ್ಳಿರಬಹುದು, ರಕ್ತ ಕುಡಿದು ಉಬ್ಬಿದ ಉಣುಗು ಇರಬಹುದು, ಕಿವಿನುಸಿ ಬಿಟ್ಟ ಕಾಫಿಪುಡಿಯಂಥ ಕೊಳೆ ಇರಬಹುದು. ನಾನು ಹುಡುಕುವುದು ಇನ್ನೂ ಹಿಂದಿರುವ ಕಿವಿತಮಟೆಯನ್ನು. ಅದು ಹರಿದಿರುವಾಗ ಜೆಂಟಾಮೈಸಿನ್ ಹನಿ ಹಾಕಿದರೆ ನಾಯಿ ಕಿವುಡಾಗುವ ಅಪಾಯವಿದೆ. ರಾತ್ರಿ ಮಂದೆ ಕಾಯುವ ನಾಯಿಗೆ ಕಿವಿಯೇ ಹೋದರೆ ಕುರಿಗಾಹಿಯ ಗತಿಯೇನು? ಆದರೂ ಸೋರುವ ಕಿವಿಗೆ ನೋಡದೆಯೇ ಹನಿ ಬರೆದುಕೊಡುವುದು ನಮ್ಮಲ್ಲಿ ಮಾಮೂಲು.

ಮೇಕೆಗೆ ಕೃತಕ ಗರ್ಭಧಾರಣೆ ಮಾಡಲು ಯೋನಿಯನ್ನು ಅಗಲಿಸಿ ಒಳಗೆ ತೋರಿಸುವ, ದೀಪವಿರುವ ಸ್ಪೆಕ್ಯುಲಮ್ ಬೇಕು. ಬೆದೆಯ ಶುರುವಿನಲ್ಲಿ ಲೋಳೆ ತಿಳಿಯಾಗಿರುತ್ತದೆ, ಹೊತ್ತು ಹೋದಂತೆ ಮಬ್ಬಾಗುತ್ತದೆ. ಆ ಮಬ್ಬೇ ವೀರ್ಯ ಬಿಡಲು ಹದ. ಕುರಿಯ ಗರ್ಭಕಂಠ ಇನ್ನೂ ಡೊಂಕು, ಅಲ್ಲಿ ದೀಪವಿದ್ದರೂ ನಳಿಕೆ ದಾಟಿಸುವುದು ಕಷ್ಟ.

ಎಲ್ಲದಕ್ಕೂ ದೀಪ ಬೇಡ, ಹೇಳಿಬಿಡುತ್ತೇನೆ. ಜಂತು ರಕ್ತ ಹೀರಿ ಕುರಿಯ ಕಣ್ಣರೆಪ್ಪೆಯ ಒಳಭಾಗ ಬಿಳಿಚಿದೆಯೇ ಎಂದು ಹಗಲ ಬೆಳಕಲ್ಲೇ ನೋಡಬೇಕು, ಬಲ್ಬಿನಡಿ ಬಣ್ಣ ಮೋಸಮಾಡುತ್ತದೆ. "ಗಂಟಲಲ್ಲಿ ಮೂಳೆ ಸಿಕ್ಕೈತೆ ಮೇಡಂ" ಎಂದು ಜೊಲ್ಲು ಸುರಿಸುವ ನಾಯಿಯನ್ನು ತಂದರೆ ಮೊದಲು ನೆನಪಾಗಬೇಕಾದದ್ದು ರೇಬಿಸ್. ಬಾಯಿ ತೆರೆಸುವುದು ಆಮೇಲೆ.

ಕ್ಯಾಮೆರಾ ಇರುವ ದುಬಾರಿ ಯಂತ್ರ ಯಾರೂ ಕೇಳುತ್ತಿಲ್ಲ. ಒಂದು ಎಲ್‌ಇಡಿ ಹಿಡಿ, ಮರಿನಾಯಿಗೂ ದೊಡ್ಡ ನಾಯಿಗೂ ಹೊಂದುವ ತುದಿಗಳು, ಮೇಕೆಗೊಂದು ಸ್ಪೆಕ್ಯುಲಮ್, ಅಷ್ಟೇ. ತುದಿಗಳು ಹೆಚ್ಚಿಗೇ ಇರಲಿ. ಒಂದು ಕಿವಿಯ ಸೋಂಕು ಇನ್ನೊಂದಕ್ಕೆ ಹೋಗಬಾರದು. ನಾನು ಹಿಂದೆ ಇದ್ದ ಕಡೆ ಇಂಥದ್ದೊಂದು ಸೆಟ್ಟಿತ್ತು. ಬಲ್ಬು ಸುಟ್ಟಿತು, ಬದಲಿ ಬಲ್ಬಿಗೆ ಯಾವ ಬಾಬ್ತಿನಲ್ಲೂ ಹಣವಿರಲಿಲ್ಲ, ಸ್ಟಾಕ್ ಪುಸ್ತಕದಲ್ಲಿ ಮಾತ್ರ ಅದು ವರ್ಷವರ್ಷವೂ 'ಸುಸ್ಥಿತಿ'! ಆದ್ದರಿಂದ ಖರೀದಿ ಆದೇಶದಲ್ಲೇ ಬ್ಯಾಟರಿ, ಚಾರ್ಜರು, ಬಿಡಿ ಭಾಗಗಳನ್ನೂ ಸೇರಿಸಲಿ. ಶುರುಮಾಡುವುದಾದರೆ ಚಳ್ಳಕೆರೆ, ಹಿರಿಯೂರು, ಶಿರಾ, ಪಾವಗಡದಂಥ ಕುರಿ-ಮೇಕೆಯ ಸೀಮೆಯಿಂದ ಶುರುಮಾಡಲಿ.