ಗುಮ್ಮಟದ ಕೆಳಗಿನ ಅಡುಗೆಮನೆ

ಪ್ರಿಯ ಸಹೋದರಿ, ಭವ್ಯವಾದ ಮನೆಯೊಂದರ ಚಿತ್ರ ಕಂಡರೆ ನೀವು ಮೊದಲು ಏನನ್ನು ನೋಡುತ್ತೀರಿ? ನಾನಂತೂ ಅಡುಗೆಮನೆ ಎಲ್ಲಿದೆಯೆಂದು ಹುಡುಕುತ್ತೇನೆ.

ಅಮೆರಿಕದ ವರ್ಜೀನಿಯಾದಲ್ಲಿ ಮಾಂಟಿಚೆಲ್ಲೊ ಎಂಬ ಬಂಗಲೆಯಿದೆ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ಬೆಟ್ಟ. ಮುಂದೆ ಅಮೆರಿಕದ ಮೂರನೇ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ 1769ರಲ್ಲಿ ಇದನ್ನು ಕಟ್ಟಿಸತೊಡಗಿದರು. ಅವರಿಗೆ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊನ ಪುಸ್ತಕಗಳೇ ಗುರು. ಫ್ರಾನ್ಸಿನಲ್ಲಿ ಕೆಲವು ವರ್ಷಗಳಿದ್ದು, ಅಲ್ಲಿಯ ಕಟ್ಟಡಗಳಿಗೆ ಮನಸೋತು ಬಂದವರು 1796ರಿಂದ ಮನೆಯ ಒಂದು ಭಾಗವನ್ನೇ ಕೆಡವಿಸಿ ದೊಡ್ಡದು ಮಾಡಿಸಿದರು. ಎತ್ತರದ ಕಂಬಗಳು, ತ್ರಿಕೋನದ ಮುಖ, ಮೇಲೆ ಬಿಳಿ ಗುಮ್ಮಟ. ಮೂರು ಅಂತಸ್ತಿದ್ದರೂ ಹೊರಗಿನಿಂದ ಒಂದೇ ಅಂತಸ್ತಿನಂತೆ ಕಾಣುವ ಹಾಗೆ ಕಿಟಕಿಗಳನ್ನು ಜೋಡಿಸಿದ್ದಾರೆ. ಹಜಾರದ ಗಡಿಯಾರದ ತೂಕದ ಗುಂಡುಗಳು ಇಳಿಯುತ್ತಾ ಗೋಡೆಯ ಮೇಲೆ ವಾರಗಳನ್ನು ತೋರಿಸುತ್ತವೆ. ಜಾಗ ಸಾಲದ್ದಕ್ಕೆ ನೆಲಕ್ಕೆ ತೂತು ಕೊರೆದು ಶನಿವಾರವನ್ನು ನೆಲಮಾಳಿಗೆಗೆ ಕಳಿಸಿದ್ದಾರೆ!

ಅಡುಗೆಮನೆಯೂ ಕೆಳಗೇ. ಬೆಟ್ಟದ ಇಳಿಜಾರಿನೊಳಗೆ ಅದನ್ನು ಅಡಗಿಸಿದ್ದಾರೆ. ಅಡುಗೆಯನ್ನು ನೆಲದಡಿಯ ಓಣಿಯಲ್ಲಿ ಹೊತ್ತು ತಂದು, ಊಟದ ಕೋಣೆಯ ತಿರುಗುವ ಬಾಗಿಲಿನ ಹಲಗೆಗಳಲ್ಲಿಟ್ಟರೆ ಸಾಕು, ಬಾಗಿಲು ತಿರುಗಿ ತಟ್ಟೆಗಳು ಒಳಗೆ ಹೋಗುತ್ತವೆ. ಬಡಿಸುವ ಕೈಗಳು ಅತಿಥಿಗಳ ಕಣ್ಣಿಗೆ ಹೆಚ್ಚು ಬೀಳದಂಥ ಏರ್ಪಾಡು. ಎಂಥ ಜಾಣತನ, ಅಲ್ಲವೇ? ಆದರೆ ಆ ಕೈಗಳು ಗುಲಾಮರದ್ದು.

1776ರಲ್ಲಿ ಮನುಷ್ಯರೆಲ್ಲರೂ ಸಮಾನರೆಂದು ಬರೆದ ಜೆಫರ್ಸನ್ ತಮ್ಮ ಜೀವನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಹೊಂದಿದ್ದರು. 1765ರಲ್ಲೇ ಕುರ್‌ಆನ್‌ನ ಇಂಗ್ಲಿಷ್ ಅನುವಾದವನ್ನೂ ಕೊಂಡಿದ್ದರು. ಅಲ್-ಬಲದ್ ಅಧ್ಯಾಯವು ಗುಲಾಮರ ವಿಮೋಚನೆಯನ್ನು ಕಡಿದಾದ ದಾರಿಯೆಂದು ಕರೆಯುತ್ತದೆ. ಆ ಪುಟವನ್ನು ಅವರು ತೆರೆದಿದ್ದರೋ ಇಲ್ಲವೋ, ಅಲ್ಲಾಹನೇ ಬಲ್ಲ.

1809ರಿಂದ ಆ ಒಲೆಯ ಮುಂದೆ ನಿಂತವಳು ಈಡಿತ್ ಫಾಸೆಟ್. ಫ್ರೆಂಚ್ ಅಡುಗೆ ಕಲಿತವಳು, ಹಲವು ಮಕ್ಕಳ ತಾಯಿ. ಗಂಡ ಜೋಸೆಫ್ ಅಲ್ಲಿಯ ಕಮ್ಮಾರ. 1826ರ ಜುಲೈ 4ರಂದು ಜೆಫರ್ಸನ್ ತೀರಿಕೊಂಡಾಗ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಸಾಲವಿತ್ತು. ಉಯಿಲಿನಲ್ಲಿ ಐವರಿಗೆ ಮಾತ್ರ ಬಿಡುಗಡೆ. ಅವರಲ್ಲಿ ಜೋಸೆಫ್ ಒಬ್ಬ, ಹೆಂಡತಿ ಮಕ್ಕಳಿಲ್ಲ. 1827ರ ಜನವರಿಯಲ್ಲಿ ಅವರನ್ನು ಹರಾಜು ಹಾಕಿದರು. ಸಹೋದರಿ, ತಾಯಿ ಒಬ್ಬರ ಪಾಲಿಗೆ, ಮಗು ಇನ್ನೊಬ್ಬರ ಪಾಲಿಗೆ!

ಜೋಸೆಫ್ ದುಡಿದು ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಬಿಡಿಸಿಕೊಂಡ. ಹನ್ನೊಂದರ ವಯಸ್ಸಿನಲ್ಲಿ ಮಾರಲ್ಪಟ್ಟ ಮಗ ಪೀಟರ್ ಮಾತ್ರ ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಗುಲಾಮನಾಗಿಯೇ ಉಳಿದ. ಮುಂದೆ ಸ್ವತಂತ್ರನಾಗಿ, ಪಾದ್ರಿಯಾಗಿ, 1900ರಲ್ಲಿ ಮುದುಕನಾಗಿ ಅವನು ಮತ್ತೊಮ್ಮೆ ಆ ಬೆಟ್ಟ ಹತ್ತಿ, ತನ್ನ ತಾಯಿ ಅಡುಗೆ ಮಾಡುತ್ತಿದ್ದ ಮನೆಯನ್ನು ನೋಡಿ ಬಂದ.