ಶಾಸನಗಳ ಊರಿನಲ್ಲಿ ಗ್ರಂಧಿಗೆಯ ಪಟ್ಟಿ

ಮದ್ದೂರಿಗೆ ಅನತಿದೂರದಲ್ಲಿ, ಶಿಂಷೆಯ ತಡಿಯಲ್ಲಿರುವ ವೈದ್ಯನಾಥಪುರದಲ್ಲಿ ಪರಮೇಶ್ವರನು ವೈದ್ಯನೆಂಬ ಹೆಸರಿನಿಂದಲೇ ಪೂಜೆಗೊಳ್ಳುವುದನ್ನು ನೆನೆದಾಗಲೆಲ್ಲ, ದೇವರ ಸಾಮಗ್ರಿಯನ್ನೂ ರೋಗಿಯ ಮದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಿಕೊಡುತ್ತಿದ್ದ ನಮ್ಮ ಪೇಟೆಗಳ ಗ್ರಂಧಿಗೆ ಅಂಗಡಿಗಳು ನನ್ನ ಕಣ್ಣಮುಂದೆ ಬಂದು ನಿಲ್ಲುತ್ತವೆ. ವಿಭೂತಿ, ಸಾಂಬ್ರಾಣಿ, ದರ್ಭೆ, ಮುತ್ತುಗದ ಸಮಿತ್ತುಗಳಿದ್ದ ಅಂಗಡಿಯಲ್ಲೇ ಹಿಪ್ಪಲಿ, ಬಜೆ, ಅಳಲೆಕಾಯಿ, ಜ್ಯೇಷ್ಠಮಧುಗಳೂ ಇರುತ್ತಿದ್ದುವು. ಹೋಮಕ್ಕೆಂದು ಬಂದವನೂ ಬಾಣಂತಿಯ ಮದ್ದಿಗೆಂದು ಬಂದವಳೂ ಅಕ್ಕಪಕ್ಕದಲ್ಲೇ ನಿಲ್ಲುತ್ತಿದ್ದರು. ‘ಯಾವ ಕಾರ್ಯಕ್ಕೆ, ತಾಯಿ?’ ಎಂದು ಕೇಳದೆ ಅಂಗಡಿಯಾತನು ಪೊಟ್ಟಣ ಕಟ್ಟುತ್ತಿರಲಿಲ್ಲ. ಆ ಪ್ರಶ್ನೆ ಬರಿಯ ಉಪಚಾರದ್ದಲ್ಲ. ಪಚ್ಚಕರ್ಪೂರವು ತೀರ್ಥಕ್ಕೆ ಸಲ್ಲತಕ್ಕದ್ದು. ಟರ್ಪೆಂಟೈನಿನಿಂದ ತಯಾರಾಗುವ ಇಂದಿನ ಆರತಿಯ ಕರ್ಪೂರವಾದರೋ ಹೊಟ್ಟೆಗೆ ಸೇರಿದರೆ ವಿಷ. ಅರಿಸಿನಕ್ಕೆ ಸುಣ್ಣ ಬೆರೆತು ಕೆಂಪೇರಿದ ಕುಂಕುಮಕ್ಕೂ ಬಣ್ಣ ಕಲಸಿದ ಹಿಟ್ಟಿಗೂ ಇರುವ ಅಂತರವನ್ನು ಬೆರಳ ತುದಿಯಿಂದಲೇ ಅರಿಯುವ ವಿದ್ಯೆಯು ತಂದೆಯಿಂದ ಮಗನಿಗೆ ಅಂಗಡಿಯ ಮಣೆಯ ಮೇಲೆಯೇ ಸಂಕ್ರಮಿಸುತ್ತಿದ್ದಿತು.

ಇಂತಹ ಮನೆತನದ ವ್ಯಾಪಾರವು ಕಾಲಕ್ಕೆ ತಕ್ಕಂತೆ ಬೆಳೆಯಲಾರದೆಂದು ನಾನು ಹೇಳುತ್ತಿಲ್ಲ. 1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾಯರು ಆರಂಭಿಸಿದ ಊದುಬತ್ತಿಯ ಉದ್ಯಮವು ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ‘ಸೈಕಲ್’ ಎಂಬ ಹೆಸರಿನಿಂದ ದೇಶಾಂತರಗಳನ್ನು ಮುಟ್ಟಿರುವುದು ಕನ್ನಡನಾಡಿಗೆ ಹೆಮ್ಮೆಯೇ ಸರಿ. ಆದರೆ ಪೊಟ್ಟಣವು ತನ್ನ ಬೆಲೆಯನ್ನು ಹೇಳೀತೇ ಹೊರತು ಕೊಳ್ಳುವವನನ್ನು ಏನನ್ನೂ ಕೇಳದು. ವ್ರತಕ್ಕೊಂದು, ಗೃಹಪ್ರವೇಶಕ್ಕೊಂದು ಎಂದು ಸಿದ್ಧಪಡಿಸಿದ ‘ಪೂಜಾ ಕಿಟ್’ ಈಗ ಮನೆಬಾಗಿಲಿಗೇ ಬರುತ್ತಿರುವಾಗ (ಅದರ ಸೌಕರ್ಯವನ್ನು ನಾನೂ ಅನುಭವಿಸಿದ್ದೇನೆ, ಸುಳ್ಳೇಕೆ!) ಕಳೆದುಹೋಗುತ್ತಿರುವುದು ಅಂಗಡಿಗಿಂತಲೂ ಹೆಚ್ಚಾಗಿ ಆ ಪ್ರಶ್ನೆ.

ಆ ಪ್ರಶ್ನೆಯೊಡನೆ ಅದನ್ನು ಕೇಳುತ್ತಿದ್ದವರ ನೆನಪೂ ಮಾಸುತ್ತಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಶಾಸನದ ಕಲ್ಲುಗಳನ್ನು ಶಾಸನತಜ್ಞ ಬಿ. ಎಲ್. ರೈಸರ ಕಾಲದಿಂದ ಓದುತ್ತ ಬಂದಿದ್ದೇವೆ. ದೇವರಿಗೆ ಭೂಮಿ ಬಿಟ್ಟ ಅರಸರ ಹೆಸರುಗಳು ನಮಗೆ ಬಾಯಿಪಾಠವಾಗಿವೆ. ಅದೇ ದೇವರಿಗೆ ನೂರಾರು ವರ್ಷ ಧೂಪ ದೀಪಗಳನ್ನು ಒದಗಿಸಿದವರ ವೃತ್ತಾಂತವನ್ನು ಬರೆದವರು ವಿರಳ. ಅದಕ್ಕೆ ಆಧಾರವಾಗಬಲ್ಲದ್ದು ಪುರೋಹಿತರು ಬರೆದುಕೊಟ್ಟ ಸಾಮಾನಿನ ಪಟ್ಟಿಗಳು, ಅಂಗಡಿಯ ಖಾತೆಪುಸ್ತಕಗಳು. ಸೇರು ತೊಲಗಳು ಗ್ರಾಮಿಗೆ ಎಡೆಗೊಟ್ಟುದು, ಸಮಿತ್ತಿನ ಬಗೆಗಳು ಒಂದೊಂದಾಗಿ ಉದುರಿದುದು, ಬಡವನ ತಿಥಿಗೆ ಎಳ್ಳು ಸಾಲವಾಗಿ ಹೋದುದು, ಇವೆಲ್ಲಕ್ಕೂ ಆ ಕಾಗದಗಳಿಗಿಂತ ಉತ್ತಮ ಸಾಕ್ಷಿ ಎಲ್ಲಿ ದೊರೆತೀತು? ನಮ್ಮ ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳು ದೇಗುಲದಿಂದ ಹೊರಬಂದು ಅದರ ಎದುರಿನ ಬೀದಿಯನ್ನೂ ಒಮ್ಮೆ ನೋಡಬೇಕು. ಹಳೆಯ ಗ್ರಂಧಿಗೆ ಮನೆತನದವರಲ್ಲಿ ನನ್ನದೊಂದು ಬಿನ್ನಹ: ಈ ಆಯುಧಪೂಜೆಗೆ ಅಂಗಡಿ ತೊಳೆಯುವಾಗ ಅಟ್ಟದ ಮೇಲಿನ ಆ ಕಾಗದಗಳ ಕಟ್ಟನ್ನು ರದ್ದಿಯವನ ತಕ್ಕಡಿಗೆ ಹಾಕಬೇಡಿರಿ.